ಚೀಟಿ ಬರೆಯುವ ಕೈ: ಆಸ್ಪತ್ರೆ ಗುಮಾಸ್ತಗಿರಿಯ ಚರಿತ್ರೆ

ನಮ್ಮ ಆಸ್ಪತ್ರೆಗಳ ಚರಿತ್ರೆ ಬರೆದವರು ಮಹಾರಾಜರ ಹೆಸರು ಬರೆದಿದ್ದಾರೆ, ಮಿಷನರಿಗಳ ಹೆಸರು ಬರೆದಿದ್ದಾರೆ, ದೊಡ್ಡ ದೊಡ್ಡ ಡಾಕ್ಟರುಗಳ ಹೆಸರು ಬರೆದಿದ್ದಾರೆ. ಕಲ್ಲು ಹೊತ್ತವರ ಹೆಸರಿಲ್ಲ, ಕಕ್ಕಸು ಬಳಿದವರ ಹೆಸರಿಲ್ಲ. ಇದು ನಮಗೆ ಹೊಸದಲ್ಲ. ಆದರೆ ಆ ಚರಿತ್ರೆಕಾರರು ಇನ್ನೊಬ್ಬನನ್ನೂ ಮರೆತಿದ್ದಾರೆ. ಅವನು ಚೀಟಿ ಬರೆಯುವವನು, ಆಸ್ಪತ್ರೆಯ ಗುಮಾಸ್ತ.

ಹಟ್ಟಿಯಿಂದ ಹೊರಟ ಬಡವ ಆಸ್ಪತ್ರೆಯಲ್ಲಿ ಮೊದಲು ಕಾಣೋದು ಡಾಕ್ಟರನ್ನಲ್ಲ, ಒಂದು ಕಿಟಕಿಯನ್ನು. ಕಿಟಕಿಯ ಆಚೆ ಒಂದು ಕೈ, ಒಂದು ಪೆನ್ನು, ಒಂದು ಪುಸ್ತಕ. "ಹೆಸರೇನು? ಯಾವೂರು? ವಯಸ್ಸೆಷ್ಟು? ಕಾರ್ಡು ಐತಾ?" ಈ ನಾಲ್ಕು ಪ್ರಶ್ನೆ ದಾಟಿದರೆ ಮಾತ್ರ ಒಳಗಿನ ಸ್ಟೆತಾಸ್ಕೋಪು. ದಾಟದಿದ್ದರೆ ಬಂದ ಬಸ್ಸಿಗೇ ವಾಪಸ್ಸು. ನಮ್ಮ ಜನರ ಪಾಲಿಗೆ ಎಷ್ಟೋ ಸಲ ರೋಗ ಏನು ಅನ್ನೋದಕ್ಕಿಂತ ಮೊದಲು ನಿರ್ಧಾರ ಆಗೋದು ಈ ಕಿಟಕಿಯಲ್ಲಿ.

ಸರ್ಕಾರಿ ಭಾಷೆಯಲ್ಲಿ ಆ ಕೈಗೆ ಪ್ರಥಮ ದರ್ಜೆ ಸಹಾಯಕ, ದ್ವಿತೀಯ ದರ್ಜೆ ಸಹಾಯಕ ಎಂದು ಹೆಸರು. ಜನರ ಬಾಯಲ್ಲಿ ಗುಮಾಸ್ತ, ಕ್ಲಾರ್ಕು, ರೈಟರು. ಈಚೆಗೆ ಡಾಟಾ ಆಪರೇಟರು. ಸಹಾಯಕ ಅಂದರೆ ಯಾರಿಗೆ ಸಹಾಯಕ? ರೋಗಿಗೋ, ಸಾಹೇಬರಿಗೋ, ಬರೀ ಪುಸ್ತಕಕ್ಕೋ? ಇದಕ್ಕೆ ಉತ್ತರ ಬೇಕಾದರೆ ಆ ಕೈ ಎಲ್ಲಿಂದ ಬಂತು, ಯಾರ ಕೈಯಾಗಿತ್ತು, ಈಗ ಯಾರ ಕೈಯಾಗಿದೆ ಎಂದು ನೋಡಬೇಕು.

1

ಆಸ್ಪತ್ರೆಗಿಂತ ಮೊದಲು ಹಳ್ಳಿಯಿಂದಲೇ ಶುರುಮಾಡೋಣ. ಊರಲ್ಲಿ ಹೆಣ ಬಿದ್ದರೆ ನಂಟರ ಊರುಗಳಿಗೆ ಸುದ್ದಿ ಹೊತ್ತು ಓಡುವವನು ಕೇರಿಯವನು. ತೋಟಿ ಅನ್ನಿ, ಕುಳವಾಡಿ ಅನ್ನಿ, ಓಡುವ ಕಾಲು ನಮ್ಮದು. ಮಳೆಯಿರಲಿ, ಕತ್ತಲೆಯಿರಲಿ, ಹೊಳೆ ತುಂಬಿರಲಿ, ಸಾವಿನ ಸುದ್ದಿ ಮುಟ್ಟಿಸಲೇಬೇಕು. ಮುಟ್ಟಿಸಿದ ಮೇಲೂ ಆ ಮನೆಯ ಅಂಗಳದ ಆಚೆಯೇ ನಿಲ್ಲಬೇಕು. ಬರೆಯುವ ಕೆಲಸ ಮಾತ್ರ ಶಾನುಭೋಗರದು. ಅವರ ಮನೆಯ ಜಗುಲಿ, ಅವರ ದಫ್ತರ, ಅವರ ಅಕ್ಷರ. ಜಮೀನಿನ ಪಹಣಿಯಿಂದ ಹಿಡಿದು ಎಲ್ಲ ಲೆಕ್ಕವೂ ಅಪ್ಪನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ. ಓಡಿದವನಿಗೆ ತಾನು ತಂದ ಸುದ್ದಿ ಹಾಳೆಯ ಮೇಲೆ ಏನಾಯಿತು ಅಂತ ಗೊತ್ತಾಗುವ ದಾರಿಯೇ ಇರಲಿಲ್ಲ.

ಇಂಗ್ಲಿಷರಿಗೆ ಜನರ ಲೆಕ್ಕ ಬೇಕಾಯಿತು. ಜನರ ಮೇಲಿನ ಪ್ರೀತಿಗಲ್ಲ. ಮೊದಲಿಗೆ ಬೇಕಾದದ್ದು ಅವರ ಸೈನಿಕರು ಯಾಕೆ ಸಾಯ್ತಿದ್ದಾರೆ ಅನ್ನೋದು. 1857ರ ಬಂಡಾಯದ ಬೆನ್ನಿಗೇ, 1859ರಲ್ಲಿ, ಭಾರತದ ಸೈನ್ಯದ ಆರೋಗ್ಯ ವಿಚಾರಿಸಲು ರಾಯಲ್ ಕಮಿಷನ್ ನೇಮಕವಾಯಿತು. 1863ರಲ್ಲಿ ಅದರ ವರದಿ ಬಂತು. ಆ ವರದಿಯ ಹಿಂದೆ ಫ್ಲಾರೆನ್ಸ್ ನೈಟಿಂಗೇಲ್ ಇದ್ದಳು. ಪಾಠದ ಪುಸ್ತಕದಲ್ಲಿ ನಾವು ಓದಿದ್ದು ದೀಪ ಹಿಡಿದ ನೈಟಿಂಗೇಲಳನ್ನು. ಆಕೆ ದೀಪಕ್ಕಿಂತ ಹೆಚ್ಚು ಕಾಲ ಹಿಡಿದದ್ದು ಲೆಕ್ಕದ ಪಟ್ಟಿಯನ್ನು. ಎಲ್ಲ ಆಸ್ಪತ್ರೆಗಳೂ ಒಂದೇ ಮಾದರಿಯ ಫಾರಂ ತುಂಬಬೇಕು, ಯಾರು ಬಂದರು, ಯಾವ ರೋಗ, ಎಷ್ಟು ದಿನ ಇದ್ದರು, ಬದುಕಿದರೋ ಸತ್ತರೋ ಬರೆಯಬೇಕು ಅನ್ನುವುದು ಆಕೆಯ ವಾದ. 1860ರಲ್ಲಿ ಲಂಡನ್ನಿನಲ್ಲಿ ಸೇರಿದ ಅಂಕಿಅಂಶ ತಜ್ಞರ ಅಂತರರಾಷ್ಟ್ರೀಯ ಸಮ್ಮೇಳನ ಆಕೆಯ ಫಾರಂಗಳನ್ನು ಒಪ್ಪಿತು. ಆಸ್ಪತ್ರೆಯಲ್ಲಿ ಡಾಕ್ಟರು ಎಷ್ಟು ಮುಖ್ಯವೋ ಬರೆದಿಡುವವನೂ ಅಷ್ಟೇ ಮುಖ್ಯ ಎಂಬ ಮಾತಿಗೆ ಅಲ್ಲಿಂದ ಬಲ ಬಂತು.

ಮಾತು ಸರಿಯಾದದ್ದೇ. ಆದರೆ ಅದು ನಮ್ಮ ನೆಲಕ್ಕೆ ಬಂದಾಗ ಏನಾಯಿತು? 1873ರಲ್ಲಿ ಬಂಗಾಳಕ್ಕೆ, 1886ರಲ್ಲಿ ಬ್ರಿಟಿಷ್ ಇಂಡಿಯಾಕ್ಕೆ ಹುಟ್ಟು ಸಾವಿನ ಕಾನೂನುಗಳು ಬಂದವು. ಬಂಗಾಳ ಮತ್ತು ಉತ್ತರದ ಹಳ್ಳಿಗಳಲ್ಲಿ ಸಾವಿನ ಸುದ್ದಿಯನ್ನು ಪೊಲೀಸ್ ಠಾಣೆಗೆ ಒಯ್ಯುವವನು ಚೌಕೀದಾರ. ಸಂಬಳ ಕಾಸಿನಷ್ಟು, ಅಕ್ಷರ ಸೊನ್ನೆ. ಠಾಣೆಯ ರೈಟರು ಕೇಳ್ತಾನೆ: "ಏನಾಗಿ ಸತ್ತ?" ಚೌಕೀದಾರ ಅಂತಾನೆ: "ಮೈ ಬಿಸಿ ಇತ್ತು ಸ್ವಾಮಿ." ರೈಟರು ಬರೀತಾನೆ: ಜ್ವರ. ಮಲೇರಿಯಕ್ಕೂ ಜ್ವರ, ನ್ಯುಮೋನಿಯಕ್ಕೂ ಜ್ವರ, ಬಾಣಂತಿ ಸತ್ತರೂ ಜ್ವರ, ಹೊಟ್ಟೆಗಿಲ್ಲದೆ ಸತ್ತರೂ ಜ್ವರ. ಆ ಕಾಲದ ಸರ್ಕಾರಿ ವರದಿಗಳಲ್ಲಿ ಸಾವಿನ ಅತಿ ದೊಡ್ಡ ಕಾರಣ 'ಜ್ವರ'. ಕಾಲೆರಾ, ಸಿಡುಬು ಬಿಟ್ಟರೆ ಮಿಕ್ಕ ಬಡವರ ಸಾವೆಲ್ಲ ಬಹುಪಾಲು ಆ ಒಂದೇ ಕಾಲಮ್ಮಿಗೆ ಬಿತ್ತು.

ನಮ್ಮ ಮೈಸೂರಿನದೇ ಒಂದು ಲೆಕ್ಕ ನೋಡಿ. 1876ರಿಂದ 78ರವರೆಗೆ ಬಿದ್ದ ಬರವನ್ನು ನಮ್ಮ ಅಜ್ಜಿಯರು ಧಾತು ಈಶ್ವರ ಬರ ಅಂತ ಹಾಡಿಕೊಂಡು ಅತ್ತರು. ಆಗ ಮೈಸೂರು ಇಂಗ್ಲಿಷ್ ಕಮಿಷನರರ ಆಳ್ವಿಕೆಯಲ್ಲಿತ್ತು. ಆ ಬರದಲ್ಲಿ ಸತ್ತವರೆಷ್ಟು? ಹೆಸರು ಹೆಸರಾಗಿ ಬರೆದ ಪುಸ್ತಕ ಯಾವ ಕಚೇರಿಯಲ್ಲೂ ಇರಲಿಲ್ಲ. 1871ರ ಜನಗಣತಿಯಲ್ಲಿ ಮೈಸೂರು ಸೀಮೆಯ ಜನ 50 ಲಕ್ಷ 55 ಸಾವಿರ. 1881ರಲ್ಲಿ 41 ಲಕ್ಷ 86 ಸಾವಿರ. ಒಂದರಿಂದ ಇನ್ನೊಂದು ಕಳೆದರೆ 8 ಲಕ್ಷ 69 ಸಾವಿರ. ಹತ್ತು ವರ್ಷದಲ್ಲಿ ಬೆಳೆಯಬೇಕಿದ್ದ ಜನಸಂಖ್ಯೆಯನ್ನು ಸೇರಿಸಿದರೆ ಇನ್ನೂ ಹೆಚ್ಚು. ನಮ್ಮವರ ಸಾವು ಹೀಗೆ ತಿಳಿದದ್ದು ಕಳೆಯುವ ಲೆಕ್ಕದಲ್ಲಿ. ಬದುಕಿದ್ದಾಗ ಎಣಿಕೆಗೆ ಸಿಕ್ಕರು, ಸತ್ತಾಗ ಸಿಗಲಿಲ್ಲ. ಬರೆಯುವ ಕೈ ಜಗುಲಿಯ ಮೇಲೇ ಇತ್ತು, ಕೇರಿಯ ತನಕ ಇಳಿದು ಬರಲಿಲ್ಲ.

2

ಆಸ್ಪತ್ರೆಗಳು ಎದ್ದವು. ಬೆಂಗಳೂರಿನ ದಂಡಿನಲ್ಲಿ ಬೌರಿಂಗ್ ಆಸ್ಪತ್ರೆ 1860ರ ದಶಕದಲ್ಲಿ ಬಂತು. 1897ರಲ್ಲಿ ಅಡಿಗಲ್ಲು ಬಿದ್ದ ವಿಕ್ಟೋರಿಯಾ ಆಸ್ಪತ್ರೆಯನ್ನು 1900ರಲ್ಲಿ ಲಾರ್ಡ್ ಕರ್ಜನ್ ಉದ್ಘಾಟಿಸಿದ. ಈ ಎರಡು ವರ್ಷಗಳ ನಡುವೆ, 1898ರಲ್ಲಿ, ಬೆಂಗಳೂರಿಗೆ ಪ್ಲೇಗು ಬಡಿಯಿತು. ಪ್ಲೇಗು ಆಡಳಿತದ ಕಾಗದವನ್ನು ಬೆಳೆಸಿತು. ರೈಲು ಇಳಿದವರ ತಪಾಸಣೆ, ಮನೆ ಮನೆ ಶೋಧ, ಬೇರೆ ಹಾಕಿದ ರೋಗಿಗಳ ಪಟ್ಟಿ, ಹೆಣಗಳ ಪಟ್ಟಿ, ಎಲ್ಲಕ್ಕೂ ಬರೆಯುವವರು ಬೇಕು. ಜನ ರೋಗಕ್ಕೆ ಹೆದರಿದಷ್ಟೇ ಪಟ್ಟಿಗೂ ಹೆದರಿದರು. ಪಟ್ಟಿಯಲ್ಲಿ ಹೆಸರು ಬಿದ್ದರೆ ಮನೆಯಿಂದ ಎತ್ತಿಕೊಂಡು ಹೋಗ್ತಾರೆ, ಗುಡಿಸಲು ಖಾಲಿ ಮಾಡಿಸ್ತಾರೆ ಅನ್ನುವ ಹೆದರಿಕೆ. ಅದಕ್ಕೇ ಹೆಣಗಳನ್ನು ಬಚ್ಚಿಟ್ಟರು. ಬರೆಯುವ ಕೈ ಕೇರಿಗೆ ಕಡೆಗೂ ಇಳಿದು ಬಂದಾಗ ಅದರ ಜತೆ ಪೊಲೀಸಿನ ಲಾಠಿಯೂ ಬಂತು. ನಮ್ಮ ಜನಕ್ಕೆ ಸರ್ಕಾರಿ ಪುಸ್ತಕದ ಮೇಲೆ ಇವತ್ತಿಗೂ ನಂಬಿಕೆ ಸಾಲದು ಅಂದರೆ ಅದಕ್ಕೆ ಇಂಥ ಕಾರಣಗಳಿವೆ.

ಈ ಆಸ್ಪತ್ರೆಗಳ ಒಳಗೆ ಕೆಲಸ ಹಂಚಿಕೆಯಾದದ್ದು ಹೇಗೆ? ಬರೆಯುವುದಕ್ಕೆ ಇಂಗ್ಲಿಷು ಬೇಕು, ಇಂಗ್ಲಿಷಿಗೆ ಶಾಲೆ ಬೇಕು, ಶಾಲೆಯ ಬಾಗಿಲು ನಮಗೆ ಮುಚ್ಚಿತ್ತು. ಹಾಗಾಗಿ ಜಗುಲಿಯ ಮೇಲಿದ್ದ ದಫ್ತರ ಹೆಚ್ಚೇನೂ ಅಲುಗಾಡದೆ ಆಸ್ಪತ್ರೆಯ ಆಫೀಸಿಗೆ ಬಂದು ಕೂತಿತು. ಕೇರಿಯ ಪೊರಕೆಯೂ ಹಾಗೇ ಅಲುಗಾಡದೆ ವಾರ್ಡಿಗೆ ಬಂತು. ಕೀವಿನ ಬಟ್ಟೆ, ಮಲದ ಬಾಂಡು, ಹೆಣದ ಸ್ಟ್ರೆಚರು ಒಂದು ಜಾತಿಗೆ. ಮಸಿಕುಡಿಕೆ ಇನ್ನೊಂದು ಜಾತಿಗೆ. ಹೊಸ ಕಾಲದ ವಿಜ್ಞಾನ ಬಂತು, ಮನುಧರ್ಮದ ಕೆಲಸದ ಪಟ್ಟಿ ಮಾತ್ರ ಬದಲಾಗಲಿಲ್ಲ.

ಇದನ್ನು ನಾವೇ ಹುಟ್ಟಿಸಿ ಹೇಳುತ್ತಿಲ್ಲ. ಮೈಸೂರು ಸರ್ಕಾರಿ ನೌಕರಿಯೆಲ್ಲ ಒಂದೇ ಜಾತಿಯ ಕೈಯಲ್ಲಿದೆ ಎಂದು ಕೂಗು ಎದ್ದಾಗ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಂತೆ, ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲಿಗೆ ಕಡಿಮೆಯಿಲ್ಲದಂತೆ ಬ್ರಾಹ್ಮಣೇತರರು ಬರಬೇಕು, ಯೋಗ್ಯರು ಸಿಕ್ಕಾಗ ದಲಿತ ವರ್ಗದವರಿಗೆ ಆದ್ಯತೆ ಕೊಡಬೇಕು ಎಂದು ಸಮಿತಿ ಹೇಳಿತು. ಈ ಮಾತನ್ನು ಸರಿಯಾಗಿ ಓದಿ. 'ಯೋಗ್ಯರು ಸಿಕ್ಕಾಗ.' ಶಾಲೆಗೆ ಬಿಡದೆ ಯೋಗ್ಯರು ಎಲ್ಲಿಂದ ಸಿಕ್ಕಾರು? ಬ್ರಾಹ್ಮಣೇತರ ಅನ್ನುವ ಬಾಗಿಲು ತೆರೆದಾಗ ಮೊದಲು ಒಳಗೆ ಹೋದವರು ಭೂಮಿಯಿದ್ದ ಜಾತಿಗಳು. ಕೇರಿಯವನು ಆಗಲೂ ಅಂಗಳದಲ್ಲೇ ನಿಂತಿದ್ದ.

ಅಕ್ಷರ ಬಂದರೂ ಸಾಕಾಗಲಿಲ್ಲ. ಕೊಲಂಬಿಯಾದಲ್ಲಿ ಓದಿ ಬಂದ ಬಾಬಾಸಾಹೇಬರು 1917ರಲ್ಲಿ ಬರೋಡಾ ಸಂಸ್ಥಾನದ ಕಚೇರಿಗೆ ಅಧಿಕಾರಿಯಾಗಿ ಹೋದಾಗ ಜವಾನರು ಕಡತಗಳನ್ನು ದೂರದಿಂದ ಮೇಜಿನ ಮೇಲೆ ಎಸೆಯುತ್ತಿದ್ದರು ಎಂದು ಅವರ ಜೀವನಚರಿತ್ರೆ ಬರೆದವರು ಹೇಳುತ್ತಾರೆ. ಮುಟ್ಟಿದರೆ ಮೈಲಿಗೆಯಾಗುವ ವಸ್ತುಗಳ ಪಟ್ಟಿಗೆ ಕಾಗದವೂ ಸೇರಿತು.

ಬಾಬಾಸಾಹೇಬರು ತಮ್ಮ ನೆನಪುಗಳಲ್ಲಿ ಇನ್ನೊಬ್ಬರ ಸಂಗತಿಯನ್ನು ಎತ್ತಿ ಹೇಳಿದ್ದಾರೆ. ಅದು ನಮ್ಮ ವಿಷಯಕ್ಕೆ ತೀರ ಹತ್ತಿರದ್ದು. ಕಾಠಿಯಾವಾಡದ ಅಸ್ಪೃಶ್ಯ ಶಾಲಾ ಮಾಸ್ತರರೊಬ್ಬರು ಬರೆದ ಪತ್ರ 1929ರ ಡಿಸೆಂಬರ್ 12ರ 'ಯಂಗ್ ಇಂಡಿಯಾ'ದಲ್ಲಿ ಅಚ್ಚಾಯಿತು. ಅವರ ಹೆಂಡತಿಗೆ ಹೆರಿಗೆಯಾಗಿ ಎರಡು ದಿನದಲ್ಲಿ ಕಾಯಿಲೆ. ಡಾಕ್ಟರು ಕೇರಿಗೆ ಬರಲೊಲ್ಲ. ಊರ ಪ್ರಮುಖರನ್ನು ಹಿಡಿದು, ಎರಡು ರೂಪಾಯಿ ಫೀಸು ಕೊಟ್ಟ ಮೇಲೆ, ಕೇರಿಯ ಹೊರಗೆ ಕರೆತಂದರೆ ಮಾತ್ರ ನೋಡುತ್ತೇನೆ ಎಂದ. ಹಸಿ ಬಾಣಂತಿಯನ್ನು ಹೊರಗೆ ತಂದರು. ಡಾಕ್ಟರು ಥರ್ಮಾಮೀಟರನ್ನು ಒಬ್ಬ ಮುಸಲ್ಮಾನರ ಕೈಗೆ ಕೊಟ್ಟ. ಅವರು ಮಾಸ್ತರರಿಗೆ ಕೊಟ್ಟರು, ಮಾಸ್ತರರು ಹೆಂಡತಿಗೆ ಕೊಟ್ಟರು. ಅದೇ ದಾರಿಯಲ್ಲಿ ಅದು ವಾಪಸ್ ಬಂತು. ಡಾಕ್ಟರು ದೀಪದ ಬೆಳಕಲ್ಲಿ ಅದನ್ನು ನೋಡಿ ನ್ಯುಮೋನಿಯ ಎಂದು ಹೇಳಿ ಹೋದ. ಆ ತಾಯಿ ಉಳಿಯಲಿಲ್ಲ.

ಡಾಕ್ಟರ ಹೆಸರೂ ಅಚ್ಚಾಗಲಿಲ್ಲ, ಮಾಸ್ತರರ ಹೆಸರೂ ಅಚ್ಚಾಗಲಿಲ್ಲ. ಹೆಸರು ಹೇಳಿದರೆ ಮಾಸ್ತರರಿಗೇ ಅಪಾಯ. ಆದರೆ ನಾವು ಇಲ್ಲಿ ಗಮನಿಸಬೇಕಾದದ್ದು ಬೇರೆ. ಆ ಸಾವು ಸರ್ಕಾರಿ ಪುಸ್ತಕಕ್ಕೆ ಹೋಗಿದ್ದರೆ ಬಹುಶಃ 'ಜ್ವರ' ಎಂಬ ಎರಡಕ್ಷರವಾಗಿ ಉಳಿಯುತ್ತಿತ್ತು. ಅದು ಸಾವಲ್ಲ, ಜಾತಿ ಮಾಡಿದ ಕೊಲೆ ಎಂದು ಇವತ್ತು ನಮಗೆ ಗೊತ್ತಿದ್ದರೆ ಅದಕ್ಕೆ ಒಂದೇ ಕಾರಣ. ಆ ಗಂಡನಿಗೆ ಬರೆಯಲು ಬರುತ್ತಿತ್ತು. ಅವನು ತಾನೇ ಬರೆದ. ಲೇಖನಿ ಸತ್ತವರನ್ನು ಬದುಕಿಸುವುದಿಲ್ಲ, ಯಾಕೆ ಸತ್ತರು ಎಂದು ಹೇಳುತ್ತದೆ. ಹೇಳಿದ ಮೇಲೆ ಕೇಳದೇ ಇರುವುದು ಕಷ್ಟ.

3

1950ರಲ್ಲಿ ಸಂವಿಧಾನ ಬಂತು. ಸರ್ಕಾರಿ ನೌಕರಿಯಲ್ಲಿ ಮೀಸಲಾತಿ ಬಂತು. ಭೋರ್ ಸಮಿತಿ 1946ರಲ್ಲಿ ಹೇಳಿದ್ದಂತೆ ಹಳ್ಳಿಗಳ ಕಡೆಗೆ ಪ್ರಾಥಮಿಕ ಆರೋಗ್ಯ ಕೇಂದ್ರಗಳು ನಿಧಾನವಾಗಿ ಬಂದವು. 1961ರ ಗ್ರಾಮಾಧಿಕಾರ ರದ್ದತಿ ಕಾಯಿದೆ 1963ರಲ್ಲಿ ಜಾರಿಗೆ ಬಂದು ಪಟೇಲ, ಶಾನುಭೋಗ, ತೋಟಿ, ತಳವಾರಿಕೆಗಳ ವಂಶಪಾರಂಪರ್ಯವನ್ನು ಕಿತ್ತುಹಾಕಿತು. ಶಾನುಭೋಗರು ಕೋರ್ಟಿಗೆ ಹೋದರು. 1966ರಲ್ಲಿ ಸುಪ್ರೀಂ ಕೋರ್ಟು ಕಾಯಿದೆಯನ್ನು ಎತ್ತಿ ಹಿಡಿಯಿತು. ಜಗುಲಿಯಿಂದ ದಫ್ತರ ಇಳಿದ ದಿನ ಅದು. ನಮ್ಮ ಚರಿತ್ರೆಯಲ್ಲಿ ಅದನ್ನು ಕೆಂಪು ಅಕ್ಷರದಲ್ಲಿ ಬರೆಯಬೇಕು. 1969ರಲ್ಲಿ ಇಡೀ ದೇಶಕ್ಕೆ ಒಂದೇ ಹುಟ್ಟು ಸಾವು ನೋಂದಣಿ ಕಾಯಿದೆ ಬಂತು. ಸಂಬಳಕ್ಕಿರುವ ಗ್ರಾಮಲೆಕ್ಕಿಗ ನಮ್ಮ ಹಳ್ಳಿಗಳಲ್ಲಿ ನೋಂದಣಿಗಾರನಾದ.

ಎಪ್ಪತ್ತರ ದಶಕದಲ್ಲಿ, ದೇವರಾಜ ಅರಸರ ಕಾಲದಲ್ಲಿ, ಹಾಸ್ಟೆಲಿನ ಅನ್ನ ಉಂಡು ಓದಿದ ಕೇರಿಯ ಹುಡುಗರು ಕಚೇರಿಗಳಿಗೆ ಬಂದರು. ಅವರಲ್ಲಿ ಕೆಲವರು ಆಸ್ಪತ್ರೆಯ ಆಫೀಸಿಗೂ ಬಂದರು. ಮನೆಯಲ್ಲಿ ಸಂಬಳದ ಮುಖ ಕಂಡ ಮೊದಲ ತಲೆಮಾರು. ಅವ್ವ ಅದೇ ಆಸ್ಪತ್ರೆಯಲ್ಲಿ ಆಯಾ, ಮಗ ಆಫೀಸಿನಲ್ಲಿ ಗುಮಾಸ್ತ, ಇಂಥ ಮನೆಗಳನ್ನು ನಮ್ಮಲ್ಲಿ ಅನೇಕರು ಬಲ್ಲೆವು. ಅವರಿಗೆ ಕುರ್ಚಿ ಸಿಕ್ಕಿತು. ಕುಡಿಯುವ ನೀರಿನ ಹೂಜಿ ಮಾತ್ರ ಎಷ್ಟೋ ಕಡೆ ಬೇರೆಯೇ ಉಳಿಯಿತು. ಸಾಹೇಬರ ಹತ್ತಿರದ ಸೆಕ್ಷನ್ನು ಇನ್ನೊಬ್ಬರಿಗೆ, ಟಪಾಲು ಮತ್ತು ಹಳೇ ಕಡತದ ಧೂಳು ಇವರಿಗೆ. "ನಿಮ್ಮೋರು ಕೋಟಾದಾಗೆ ಬಂದೋರು" ಅನ್ನುವ ಮಾತು ಹಾಜರಿ ಪುಸ್ತಕದ ಪಕ್ಕದಲ್ಲೇ ದಿನಾ ತೆರೆದುಕೊಳ್ಳುತ್ತಿತ್ತು.

ಆದರೂ ಆ ಕುರ್ಚಿ ಸಣ್ಣದಲ್ಲ. ಆಸ್ಪತ್ರೆ ಗುಮಾಸ್ತನ ಕೈಯಲ್ಲಿರುವ ಪುಸ್ತಕಗಳನ್ನು ಒಂದೊಂದಾಗಿ ನೋಡಿ. ಹೊರರೋಗಿಗಳ ರಿಜಿಸ್ಟರು, ಒಳರೋಗಿಗಳ ರಿಜಿಸ್ಟರು: ಇದರಲ್ಲಿ ಹೆಸರಿಲ್ಲದವನು ಆಸ್ಪತ್ರೆಗೆ ಬಂದೇ ಇಲ್ಲ. ಔಷಧದ ಸ್ಟಾಕ್ ಬುಕ್ಕು, ಇಂಡೆಂಟು: ಹಾವು ಕಡಿತದ ಮದ್ದು ಮುಗಿಯುವ ಮೊದಲೇ ಇಂಡೆಂಟು ಹೋಗದಿದ್ದರೆ ಗದ್ದೆಯಲ್ಲಿ ಕಚ್ಚಿಸಿಕೊಂಡ ಕೂಲಿಯವನಿಗೆ ಆ ರಾತ್ರಿ ಮದ್ದಿಲ್ಲ. ಸಂಬಳದ ಬಿಲ್ಲು: ಡಿ ಗ್ರೂಪಿನವರ ಬಡ್ತಿ, ರಜೆ, ಬಾಕಿ, ಪಿಂಚಣಿ ಎಲ್ಲ ಈ ಟೇಬಲ್ಲಿನಿಂದಲೇ ಹೋಗಬೇಕು. ಜೀವಮಾನವೆಲ್ಲ ವಾರ್ಡು ಗುಡಿಸಿದವಳ ಪಿಂಚಣಿ ಕಡತ ಒಂದು ಸಹಿಗಾಗಿ ವರ್ಷಗಟ್ಟಲೆ ಮಲಗಿದರೆ ಅದನ್ನು ಎಬ್ಬಿಸುವವನೂ ಗುಮಾಸ್ತನೇ, ಮಲಗಿಸುವವನೂ ಅವನೇ.

ಎಲ್ಲಕ್ಕಿಂತ ತೂಕದ್ದು ಮೆಡಿಕೋ ಲೀಗಲ್ ರಿಜಿಸ್ಟರು, ಎಂ.ಎಲ್.ಸಿ. ಪುಸ್ತಕ. ಹೊಡೆಸಿಕೊಂಡು ಬಂದವರ, ಸುಟ್ಟುಕೊಂಡು ಬಂದವರ, ಅತ್ಯಾಚಾರಕ್ಕೆ ಸಿಕ್ಕವರ ಪುಸ್ತಕ ಇದು. ಗಾಯ ಎಲ್ಲಿ, ಏನು ಎಂದು ಬರೆಯುವವರು ಡಾಕ್ಟರು. ಆದರೆ ಆ ಹಾಳೆಗೆ ನಂಬರು ಬೀಳಬೇಕು, ಪೊಲೀಸರಿಗೆ ತಿಳುವಳಿಕೆ ಪತ್ರ ಹೋಗಬೇಕು, ಗಾಯದ ಸರ್ಟಿಫಿಕೇಟು ಹೊರಬರಬೇಕು. 1989ರ ದೌರ್ಜನ್ಯ ತಡೆ ಕಾಯಿದೆ, ಅದರ 1995ರ ನಿಯಮಗಳು ನಮ್ಮ ಕೈಗೆ ಸಿಕ್ಕಿವೆ. ಆ ನಿಯಮಗಳ ಪ್ರಕಾರ ಎಷ್ಟೋ ಪ್ರಕರಣಗಳಲ್ಲಿ ಪರಿಹಾರದ ಕಂತು ಬಿಡುಗಡೆಯಾಗುವುದೂ ವೈದ್ಯಕೀಯ ಕಾಗದದ ಮೇಲೆ. ಊರ ಗೌಡನ ಕಡೆಯವರು ಹೊಡೆದದ್ದು ಸಂಜೆ ಆರಕ್ಕೆ, ಪುಸ್ತಕದಲ್ಲಿ ಬರೆದದ್ದು ಮಾರನೇ ದಿನ ಮಧ್ಯಾಹ್ನ ಅಂತಾದರೆ ಎದುರು ವಕೀಲನಿಗೆ ಅಷ್ಟೇ ಸಾಕು. "ಬಿದ್ದು ಆದ ಗಾಯ" ಎಂಬ ಮೂರು ಪದ ಸಾಕು, ಇಡೀ ಕೇರಿಯ ಸಾಕ್ಷಿ ನೀರಾಗಲು. ಹೊಡೆತ ಬಿದ್ದ ಮೈಯಷ್ಟೇ ಮುಖ್ಯವಾದದ್ದು ಆ ಹೊಡೆತದ ಹೊತ್ತು ಬರೆದ ಹಾಳೆ.

ಭಾಷೆಯ ಮಾತನ್ನೂ ಇಲ್ಲೇ ಹೇಳಬೇಕು. 1963ರಲ್ಲಿ ಕನ್ನಡ ಆಡಳಿತ ಭಾಷೆಯಾಗಬೇಕೆಂದು ಕಾಯಿದೆ ಆಯಿತು. ಕಚೇರಿಯ ಸುತ್ತೋಲೆ ಕನ್ನಡಕ್ಕೆ ಬಂತು. ರೋಗಿಯ ಕೇಸ್ ಶೀಟು ಇನ್ನೂ ಇಂಗ್ಲಿಷಿನಲ್ಲೇ ಇದೆ. ತನ್ನ ಮೈಯ ಬಗ್ಗೆ ಬರೆದದ್ದನ್ನು ತಾನೇ ಓದಲಾರದವನ ಪಾಡು, ತನ್ನ ಗದ್ದೆಯ ಬಗ್ಗೆ ಬರೆದದ್ದನ್ನು ಓದಲಾರದೆ ಹೆಬ್ಬೆಟ್ಟು ಒತ್ತಿದ ಅಜ್ಜನ ಪಾಡಿಗಿಂತ ಬೇರೆಯೇನಲ್ಲ.

4

ಇಷ್ಟು ಹೊತ್ತಿಗೆ ಲೇಖನಿ ನಮ್ಮ ಕೈಗೆ ಬಂತಲ್ಲ, ಕತೆ ಸುಖಾಂತ್ಯವಾಯಿತಲ್ಲ ಅನ್ನಿಸಬಹುದು. ಇಲ್ಲ. ಲೇಖನಿ ನಮ್ಮ ಕೈಗೆ ಬರುವ ಹೊತ್ತಿಗೆ ಅದರ ಬೆಲೆಯನ್ನೇ ಇಳಿಸಿದರು.

1996ರಲ್ಲಿ ವಿಶ್ವಬ್ಯಾಂಕಿನ ಸಾಲದೊಂದಿಗೆ ಕರ್ನಾಟಕದ ಆಸ್ಪತ್ರೆಗಳ ಸುಧಾರಣೆ ಶುರುವಾಯಿತು. ಕಟ್ಟಡಗಳು ಎದ್ದವು, ಯಂತ್ರಗಳು ಬಂದವು. ಪರಿಶಿಷ್ಟರ ಆರೋಗ್ಯ ತಪಾಸಣೆಗೆ ಹಳದಿ ಕಾರ್ಡು ಬಂತು. ಜತೆಗೆ ಬಳಕೆದಾರರ ಶುಲ್ಕವೂ ಬಂತು, ಬಡವರಿಗೆ ಮಾತ್ರ ವಿನಾಯಿತಿ. ಬಡವ ಯಾರು ಅಂತ ತೀರ್ಮಾನ ಮಾಡುವವರು ಯಾರು? ಕಿಟಕಿಯಲ್ಲಿ ಕೂತ ಗುಮಾಸ್ತ. ಇನ್ನು ಮೇಲೆ ಅವನು ಬರೀ ಬರೆಯುವವನಲ್ಲ, ಕಾರ್ಡು ನೋಡಿ ಒಳಗೆ ಬಿಡುವ ಬಾಗಿಲು ಕಾಯುವವನು. ಕ್ಯೂನಲ್ಲಿ ನಿಂತವಳು ತನ್ನ ಬಡತನವನ್ನೂ ಜಾತಿಯನ್ನೂ ನಾಲ್ಕು ಜನರ ಮುಂದೆ ಗಟ್ಟಿಯಾಗಿ ಕೂಗಿ ಹೇಳಬೇಕು.

2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಬಂತು. ಸಾವಿರ ಜನಕ್ಕೊಬ್ಬ ಆಶಾ ಕಾರ್ಯಕರ್ತೆ. ಗರ್ಭಿಣಿಯರಿಗೆ ತಾಯಿ ಕಾರ್ಡು. ತಾಯಿ ಮಗುವಿನ ಲೆಕ್ಕಕ್ಕೆ ಕಂಪ್ಯೂಟರು. ಕೇಂದ್ರ ಸರ್ಕಾರ 2012ರಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಹೊರಡಿಸಿದ ಮಾನದಂಡ ನೋಡಿ. ಬಯಲು ಸೀಮೆಯಲ್ಲಿ 30 ಸಾವಿರ ಜನಕ್ಕೆ ಒಂದು ಕೇಂದ್ರ. ಅದರ ಲೆಕ್ಕಪತ್ರಕ್ಕೆ, ಕಂಪ್ಯೂಟರಿಗೆ ಎಲ್ಲ ಸೇರಿ ಒಬ್ಬ ಮನುಷ್ಯ. ಹುದ್ದೆಯ ಹೆಸರು: 'ಅಕೌಂಟೆಂಟ್ ಕಂ ಡಾಟಾ ಎಂಟ್ರಿ ಆಪರೇಟರ್'. ಎರಡು ಕೆಲಸವನ್ನು ಒಂದು ಬೆನ್ನಿಗೆ ಕಟ್ಟಿದ್ದು ಹೆಸರಿನಲ್ಲೇ ಕಾಣುತ್ತದೆ. ಇಂಥ ಕೆಲಸಕ್ಕೆ ಬಂದವರಲ್ಲಿ ಬಹುಪಾಲು ಗುತ್ತಿಗೆಯವರು, ಹೊರಗುತ್ತಿಗೆಯವರು. ವರ್ಷಕ್ಕೊಮ್ಮೆ ನವೀಕರಣ. ಸಂಬಳ ಏಜೆನ್ಸಿಯ ಕೈಯಿಂದ, ಬಂದಾಗ ಬಂತು. ಎಫ್.ಡಿ.ಎ., ಎಸ್.ಡಿ.ಎ. ಹುದ್ದೆ ಖಾಲಿ ಬಿದ್ದಿದ್ದರೂ ತುಂಬುವುದಿಲ್ಲ, ಅದೇ ಕೆಲಸವನ್ನು ಏಜೆನ್ಸಿಯ ಹುಡುಗಿ ಮಾಡುತ್ತಾಳೆ. ಕಾಯಂ ಹುದ್ದೆಗೆ ಮೀಸಲಾತಿ ಇತ್ತು, ಏಜೆನ್ಸಿಯ ಪಟ್ಟಿಗೆ ಇರಲಿಲ್ಲ. ಹೊರಗುತ್ತಿಗೆಯಲ್ಲೂ ಮೀಸಲಾತಿ ಪಾಲಿಸಬೇಕು ಎಂದು ಕರ್ನಾಟಕ ಸರ್ಕಾರ ಹೇಳಿದ್ದು 2024ರ ಮೇ ತಿಂಗಳಲ್ಲಿ. ಮೀಸಲಾತಿ ಸಿಕ್ಕರೂ ಸಿಕ್ಕುವುದು ಖಾತ್ರಿಯಿಲ್ಲದ ಕೆಲಸದಲ್ಲಿ ಒಂದು ಪಾಲು.

ಈಗ ಹಳೆಯ ಚಿತ್ರವನ್ನು ಪಕ್ಕಕ್ಕಿಟ್ಟು ನೋಡಿ. ಅಂದು ತೋಟಿ ಸುದ್ದಿ ಹೊತ್ತು ಓಡುತ್ತಿದ್ದ, ಶಾನುಭೋಗ ಬರೆಯುತ್ತಿದ್ದ. ಇಂದು ಆಶಾ ಕಾರ್ಯಕರ್ತೆ ಮನೆ ಮನೆ ಸುತ್ತಿ ಬಸಿರು, ಹೆರಿಗೆ, ಸಾವಿನ ಸುದ್ದಿ ಹೊತ್ತು ತರುತ್ತಾಳೆ, ಆಪರೇಟರು ಪೋರ್ಟಲ್ಲಿಗೆ ಏರಿಸುತ್ತಾನೆ. ಅಂದು ಬರೆಯುವವನಿಗೆ ಜಮೀನಿತ್ತು, ಜಾತಿಯಿತ್ತು, ದರ್ಪವಿತ್ತು. ಇಂದು ಹೊರುವವಳೂ ನಮ್ಮಂಥ ಮನೆಯವಳೇ, ಬರೆಯುವವನೂ ನಮ್ಮಂಥ ಮನೆಯವನೇ, ಇಬ್ಬರಿಗೂ ನಾಳೆಯ ಖಾತ್ರಿಯಿಲ್ಲ. ಜಗಳ ಹಚ್ಚುವ ವ್ಯವಸ್ಥೆ ಮಾತ್ರ ಜಾಣತನದ್ದು. ಆಶಾ ಮಾಡಿದ ಕೆಲಸ ಪೋರ್ಟಲ್ಲಿನಲ್ಲಿ ಕಾಣದಿದ್ದರೆ ಆಕೆಯ ಪ್ರೋತ್ಸಾಹಧನ ಕಟ್ಟು. ನೆಟ್‌ವರ್ಕ್ ಇಲ್ಲ, ಸರ್ವರ್ ಇಲ್ಲ, ಐ.ಡಿ. ತಾಳೆಯಾಗಲಿಲ್ಲ. ಆಕೆ ಬಯ್ಯುವುದು ಆಪರೇಟರನನ್ನು. ಆತ ಬಯ್ಯುವುದು ಆಕೆಯನ್ನು. ಪೋರ್ಟಲ್ ಮಾಡಿದವನು ಇಬ್ಬರಿಗೂ ಕಾಣುವುದಿಲ್ಲ. ಮಾಡಿದ ಕೆಲಸದ ಹಣವನ್ನು ಪೋರ್ಟಲ್ಲಿಗೆ ಕಟ್ಟಿಹಾಕಬೇಡಿ ಎಂಬುದು ನಮ್ಮ ಆಶಾ ಕಾರ್ಯಕರ್ತೆಯರ ಬಹುಕಾಲದ ಬೇಡಿಕೆ. 2025ರ ಜನವರಿ ಚಳಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕೂತು ತಿಂಗಳಿಗೆ ಕನಿಷ್ಠ 10 ಸಾವಿರದ ಭರವಸೆ ಪಡೆದು ಎದ್ದರು. 2023ರ ಫೆಬ್ರವರಿಯಲ್ಲಿ ಇದೇ ಅಭಿಯಾನದ ಗುತ್ತಿಗೆ ನೌಕರರು ಕಾಯಂ ಮಾಡಿ ಎಂದು ಮುಷ್ಕರ ಹೂಡಿದ್ದರು. ಎರಡು ಹೋರಾಟ, ಎರಡು ಬ್ಯಾನರು. ಅವು ಒಂದೇ ಪೆಂಡಾಲಿನಲ್ಲಿ ಕೂತ ದಿನ ಸರ್ಕಾರದ ಕಿವಿ ಇನ್ನೂ ಬೇಗ ಕೇಳೀತು.

5

ಕಾರ್ಡಿನ ರಾಜ್ಯ ಎಲ್ಲಿಗೆ ಒಯ್ಯುತ್ತದೆ ಎಂಬುದಕ್ಕೆ 2022ರ ನವೆಂಬರಿನ ತುಮಕೂರು ಸಾಕ್ಷಿ. ತಮಿಳುನಾಡಿನಿಂದ ಬಂದು ಬಾಡಿಗೆ ಮನೆಯಲ್ಲಿದ್ದ ಬಡ ಗರ್ಭಿಣಿಯೊಬ್ಬಳನ್ನು ತಾಯಿ ಕಾರ್ಡು ಇಲ್ಲ, ಆಧಾರ್ ಇಲ್ಲ ಎಂದು ಜಿಲ್ಲಾ ಆಸ್ಪತ್ರೆಯಿಂದ ವಾಪಸ್ ಕಳಿಸಿದರು ಎಂದು ಇಡೀ ರಾಜ್ಯಕ್ಕೆ ಸುದ್ದಿಯಾಯಿತು. ಮನೆಯಲ್ಲೇ ಅವಳಿ ಮಕ್ಕಳು ಹುಟ್ಟಿದವು. ತಾಯಿಯೂ ಉಳಿಯಲಿಲ್ಲ, ಮಕ್ಕಳೂ ಉಳಿಯಲಿಲ್ಲ. ಒಬ್ಬ ಡಾಕ್ಟರು, ಮೂವರು ನರ್ಸುಗಳ ಅಮಾನತಾಯಿತು. ತಾಯಿ ಕಾರ್ಡು ಬಂದದ್ದು ಗರ್ಭಿಣಿಯ ಲೆಕ್ಕ ತಪ್ಪಬಾರದು ಅಂತ. ಲೆಕ್ಕದಲ್ಲಿಲ್ಲದವಳಿಗೆ ಜಾಗವಿಲ್ಲ ಎಂಬಲ್ಲಿಗೆ ಅದು ಬಂದು ನಿಂತಿತು. ನಾಲ್ವರನ್ನು ಅಮಾನತು ಮಾಡಬಹುದು. ಕಿಟಕಿಯಲ್ಲಿ ಕೂತವರ ತಲೆಯಲ್ಲಿ ಮೊದಲು ಕಾರ್ಡು, ಆಮೇಲೆ ಮನುಷ್ಯ ಎಂದು ಕೂರಿಸಿದ ರೂಢಿಯನ್ನು ಯಾರು ಅಮಾನತು ಮಾಡುತ್ತಾರೆ?

ಕೊರೋನಾ ಕಾಲದಲ್ಲಿ ಆ ಹಳೆಯ ಕಳೆಯುವ ಲೆಕ್ಕ ಮತ್ತೆ ಬಂತು. 2020 ಮತ್ತು 21ರಲ್ಲಿ ಸತ್ತವರು 4 ಲಕ್ಷ 80 ಸಾವಿರದಷ್ಟು ಎಂದಿತು ಭಾರತ ಸರ್ಕಾರ. ವಿಶ್ವ ಆರೋಗ್ಯ ಸಂಸ್ಥೆ 2022ರ ಮೇ ತಿಂಗಳಲ್ಲಿ ಹೇಳಿದ ಅಂದಾಜು 47 ಲಕ್ಷ. ಸರ್ಕಾರ ಅದನ್ನು ಒಪ್ಪಲಿಲ್ಲ. ಸರ್ಕಾರದ್ದೇ ನೋಂದಣಿ ಪುಸ್ತಕ 2025ರಲ್ಲಿ ಹೊರಬಂದಾಗ, 2020ರಲ್ಲಿ ನೋಂದಾದ ಒಟ್ಟು ಸಾವು 81 ಲಕ್ಷ ಇದ್ದದ್ದು 2021ರಲ್ಲಿ 1 ಕೋಟಿ 2 ಲಕ್ಷಕ್ಕೆ ಏರಿತ್ತು. ನೋಂದಣಿ ಸುಧಾರಿಸಿತು ಅನ್ನಿ, ಮತ್ತೊಂದು ಅನ್ನಿ, ಒಂದು ವರ್ಷದಲ್ಲಿ 21 ಲಕ್ಷ ಹೆಚ್ಚು. ಆ ಹೊತ್ತು ಸುಡುಗಾಡಿನಲ್ಲಿ ಸಾಲು ನಿಂತ ಆಂಬುಲೆನ್ಸುಗಳನ್ನು ನಾವೆಲ್ಲ ನೋಡಿದೆವು. ಕಾರಣದ ಕಾಲಮ್ಮಿನಲ್ಲಿ 'ಕೋವಿಡ್' ಎಂದು ಬರೆದರೆ ಪರಿಹಾರ, ಬೇರೆ ಬರೆದರೆ ಏನೂ ಇಲ್ಲ. ನೂರೈವತ್ತು ವರ್ಷದ ಹಿಂದೆ ಜ್ವರ ಎಂದು ಬರೆದ ಕಾಲಮ್ಮು ಇದೇ ಕಾಲಮ್ಮು.

6

ಗೆಳೆಯರೆ, ಇದರಿಂದ ಮಾಡಬೇಕಾದ ಕೆಲಸ ಏನು?

ಹಳ್ಳಿಯ ಮಾಸ್ತರರು ಮೊದಲು ಇದನ್ನು ಜನರಿಗೆ ಹೇಳಬೇಕು. ಹುಟ್ಟು ಸಾವನ್ನು 21 ದಿನದೊಳಗೆ ಬರೆಸಿದರೆ ಕಾಸಿಲ್ಲ. 30 ದಿನದವರೆಗೆ ತಡದ ಶುಲ್ಕ. ಅದು ದಾಟಿದರೆ ಅಧಿಕಾರಿಯ ಲಿಖಿತ ಅನುಮತಿ, ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ. ಬರೆಸಿದವರಿಗೆ ನಕಲು ಪುಕ್ಕಟೆ ಕೊಡಬೇಕೆಂದು 1969ರ ಕಾಯಿದೆಯೇ ಹೇಳುತ್ತದೆ. 2023ರ ತಿದ್ದುಪಡಿಯ ಮೇಲೆ 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದ ಮಗುವಿಗೆ ಶಾಲೆಗೂ ಮತದಾರರ ಪಟ್ಟಿಗೂ ಜನನ ಪತ್ರವೇ ಆಧಾರ. ಅಂದರೆ ಇವತ್ತು ಬರೆಸದ ಹೆಸರು ಮುಂದೆ ಶಾಲೆಯ ಬಾಗಿಲಲ್ಲಿ ನಿಲ್ಲುತ್ತದೆ. ಆಸ್ಪತ್ರೆಯಲ್ಲಿ ಸತ್ತವರ ಸಾವಿನ ಕಾರಣದ ಪತ್ರದ ಪ್ರತಿ ಹತ್ತಿರದ ಬಂಧುವಿಗೆ ಸಿಗಬೇಕು. ಕೇಳಿ ತೆಗೆದುಕೊಳ್ಳಿ. ಕಾರಣದ ಕಾಲಮ್ಮು ಓದಿ, ಓದಲು ಬಾರದವರಿಗೆ ಓದಿ ಹೇಳಿ.

ವಿದ್ಯಾರ್ಥಿಗಳು ತಾಲ್ಲೂಕು ಆಸ್ಪತ್ರೆಯ ಕಿಟಕಿಯ ಪಕ್ಕ ವಾರಕ್ಕೊಂದು ಬೆಳಗ್ಗೆ ನಿಲ್ಲಲಿ. ಫಾರಂ ತುಂಬಿಕೊಡಲಿ. ಕಾರ್ಡಿಲ್ಲ ಎಂದು ವಾಪಸ್ ಹೋಗುವವರನ್ನು ತಡೆದು ಒಳಗೆ ಕರೆದೊಯ್ಯಲಿ. ತಮ್ಮ ಚಿಕಿತ್ಸೆಯ ದಾಖಲೆ ಕೇಳಿದ ರೋಗಿಗೆ ಡಾಕ್ಟರು 72 ಗಂಟೆಯೊಳಗೆ ಕೊಡಬೇಕೆಂದು ವೈದ್ಯಕೀಯ ಪರಿಷತ್ತಿನ 2002ರ ನಿಯಮವಿದೆ. 2005ರ ಮಾಹಿತಿ ಹಕ್ಕು ಕಾಯಿದೆ ಇದೆ. ಕಾರ್ಯಕರ್ತರು ದೌರ್ಜನ್ಯದ ಪ್ರಕರಣಗಳಲ್ಲಿ ಮೆರವಣಿಗೆಗಿಂತ ಮೊದಲು ಎಂ.ಎಲ್.ಸಿ. ನಂಬರು ಬರೆದುಕೊಳ್ಳಲಿ. ಮೆರವಣಿಗೆ ಮಾರನೇ ದಿನವೂ ಮಾಡಬಹುದು, ಆ ಗಂಟೆಯ ನಮೂದನ್ನು ಮಾರನೇ ದಿನ ಮಾಡಿಸಲಾಗದು.

ಆ ಕುರ್ಚಿಯಲ್ಲಿ ಕೂತಿರುವ ನಮ್ಮ ಅಣ್ಣ ತಮ್ಮಂದಿರು, ಅಕ್ಕ ತಂಗಿಯರಿಗೆ ಒಂದು ಮಾತು. ನಿಮ್ಮ ಸಂಬಳ ಕಡಿಮೆ, ಕೆಲಸ ಹೆಚ್ಚು, ಮೇಲಿನವರ ಬೈಗುಳ ಪ್ರತ್ಯೇಕ. ಕಾಯಂ ಹುದ್ದೆಯ ಬೇಡಿಕೆ ನಿಮ್ಮೊಬ್ಬರದಲ್ಲ, ನಮ್ಮೆಲ್ಲರದು. ಅದಕ್ಕಾಗಿ ನಾವು ನಿಮ್ಮ ಜತೆ ಬೀದಿಗೆ ಬರುತ್ತೇವೆ. ಆದರೆ ಕಿಟಕಿಯ ಆಚೆ ನಿಂತವಳು ಕಾರ್ಡು ಮರೆತು ಬಂದಿದ್ದರೆ ಅವಳ ಹೆಸರನ್ನು ಮೊದಲು ಬರೆಯಿರಿ. ಊರು ಕೇಳಿ, ನೋವು ಎಲ್ಲಿ ಎಂದು ಕೇಳಿ, ಬಂದ ಗಂಟೆ ಹಾಕಿ, ಒಳಗೆ ಕಳಿಸಿ. ಕಾರ್ಡು ನಾಳೆ ತರುತ್ತಾಳೆ.